ಹಾಜರಿ ನಂಬರ್ ಇಪ್ಪತ್ಮೂರು

ಶುಕ್ರವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ ಬನಶಂಕರೆವ್ವ ಕಾಲೇಜು ಕಚೇರಿಯ ಕಿಟಕಿಯೊಳಗೆ ಮಗಳ ಅಂಕಪಟ್ಟಿಯನ್ನು ಮೂರನೆಯ ಸಲ ತೂರಿಸಿದಳು. ಕಾಗದದ ಮೇಲೆ 625ಕ್ಕೆ 571 ಎಂದು ಅಚ್ಚಾಗಿತ್ತು. ಕಿಟಕಿಯಾಚೆ ಕೂತಿದ್ದ ಗುಮಾಸ್ತ ಮಾಶಾಕ ತನ್ನ ಕಂಪ್ಯೂಟರಿನ ಪರದೆಯನ್ನು ಅವಳ ಕಡೆಗೆ ತಿರುಗಿಸಿದ. ಅಲ್ಲೂ ಪ್ರಿಯಾ ಎಂಬ ಹೆಸರು, ಅದೇ ಹುಟ್ಟಿದ ದಿನ, ಅದೇ ಶಾಲೆ. ಅಂಕ ಮಾತ್ರ 238.

"ನಿಮ್ಮ ಕೈಯಾಗಿನ ಕಾಗದ ಖರೆ ಐತಿ ಅಂತ ನನಗೂ ಕಾಣತೈತಿ ಅಕ್ಕಾರ. ಆದ್ರ ಸೀಟು ಕೊಡೋದು ನಾನಲ್ಲ, ಈ ಡಬ್ಬಿ. ಇದಕ್ಕ ಕಣ್ಣಿಲ್ಲ."

"ಕಣ್ಣಿಲ್ಲದ ಡಬ್ಬಿ ಮುಂದ ಕಣ್ಣಿದ್ದ ನಿಮ್ಮನ್ನ ಯಾಕ ಕುಂಡ್ರಿಸ್ಯಾರ ಮತ್ತ?"

ಸಾಲಿನಲ್ಲಿದ್ದವರು ನಕ್ಕರು. ಮಾಶಾಕನೂ ನಕ್ಕ. ಬನಶಂಕರೆವ್ವ ನಗಲಿಲ್ಲ. ಬುಧವಾರ ಇದೇ ಕಿಟಕಿಯಲ್ಲಿ ಅವಳಿಗೆ ಸಿಕ್ಕ ಉತ್ತರ, "ಶಾಲಿಗೆ ಹೋಗ್ರಿ, ತಪ್ಪು ಅವರದು." ಗುರುವಾರ ಶಾಲೆಯಲ್ಲಿ ಸಿಕ್ಕ ಉತ್ತರ, "ಕಾಲೇಜಿಗೆ ಹೋಗ್ರಿ, ತಪ್ಪು ಅವರದು." ಬೆಟಗೇರಿಯಿಂದ ಗದಗಿನ ಈ ಕಾಲೇಜಿಗೆ ಮೂರು ದಿನದಲ್ಲಿ ಇದು ಎರಡನೆಯ ಬಸ್ಸು.

ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಒಂದೊಂದು ಪ್ರೌಢಶಾಲೆಯನ್ನೂ ಗದಗಿನಲ್ಲಿ ಈ ಪದವಿಪೂರ್ವ ಕಾಲೇಜನ್ನೂ ನಡೆಸುವ ಸಂಸ್ಥೆ ಈ ವರ್ಷ ಹೊಸ ಏರ್ಪಾಡು ಮಾಡಿತ್ತು. ಅದಕ್ಕೆ 'ಒಂದೇ ಯಾದಿ' ಎಂದು ಹೆಸರು. ಹತ್ತನೆಯ ತರಗತಿ ಪಾಸಾದವರು ಅರ್ಜಿ ಬರೆಯಬೇಕಿಲ್ಲ, ಜೆರಾಕ್ಸ್ ಮಾಡಿಸಬೇಕಿಲ್ಲ. ಶಾಲೆಯವರೇ ಹೆಸರು, ಅಂಕ, ಪಾಲಕರ ಮೊಬೈಲ್ ನಂಬರು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಕಾಲೇಜಿಗೆ ಕಳಿಸುತ್ತಾರೆ. ನಾಲ್ಕೂ ಶಾಲೆಗಳ ಮಕ್ಕಳನ್ನು ಅಂಕದ ಪ್ರಕಾರ ಸಾಲು ಹಚ್ಚಿ, ಯಾರಿಗೆ ಯಾವ ವಿಭಾಗ ಎಂದು ಕಾಲೇಜು ಮೊಬೈಲಿಗೆ ತಿಳಿಸುತ್ತದೆ. ವಿಜ್ಞಾನಕ್ಕೆ ಅರವತ್ತು ಸೀಟು. ಮೇ ತಿಂಗಳ ಪಾಲಕರ ಸಭೆಯಲ್ಲಿ ಮುಖ್ಯೋಪಾಧ್ಯಾಯ ಕೊಟ್ರೇಶ ಇದನ್ನೆಲ್ಲ ವಿವರಿಸಿ, ಕೊನೆಗೆ ಹೇಳಿದ್ದರು: "ಬ್ಯಾರೆ ಎಲ್ಲೂ ಅರ್ಜಿ ಹಾಕಬ್ಯಾಡ್ರಿ. ಎರಡೂ ಕಡೆ ಹೆಸರು ಬಂದ್ರ ಯಾದಿ ಕೆಡತೈತಿ."

ಬನಶಂಕರೆವ್ವ ಬೇರೆ ಎಲ್ಲೂ ಅರ್ಜಿ ಹಾಕಲಿಲ್ಲ. ಸರಕಾರಿ ಕಾಲೇಜಿನ ವಿಜ್ಞಾನ ವಿಭಾಗ ತುಂಬಿ ಹತ್ತು ದಿನವಾಗಿತ್ತು. ಇಲ್ಲಿ ಯಾದಿಗೆ ಬೀಗ ಬೀಳುವುದು ಶನಿವಾರ ಸಂಜೆ ಐದು ಗಂಟೆಗೆ. ಬಂದ ಸಂದೇಶದಲ್ಲಿ ಪ್ರಿಯಾಳಿಗೆ ಕಲಾ ವಿಭಾಗ ಎಂದಿತ್ತು. ಗಣಿತದಲ್ಲಿ ನೂರಕ್ಕೆ ತೊಂಬತ್ತೆಂಟು ತೆಗೆದ ಹುಡುಗಿ ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ.

"ನನಗ ಯಾದಿ ತಿದ್ದೋ ಅಧಿಕಾರ ಇಲ್ಲ," ಎಂದ ಮಾಶಾಕ. "ತಿದ್ದಬೇಕಂದ್ರ ನಿಮ್ಮ ಹೆಡ್ ಮಾಸ್ತರ ತಮ್ಮ ಪಾಸ್‌ವರ್ಡ್ ಹಾಕಬೇಕು. ಅವರ ಮೊಬೈಲಿಗೇ ಓಟಿಪಿ ಬರತೈತಿ. ನಾಳೆ ಐದರೊಳಗ ಮಾಡಸ್ರಿ. ಐದು ದಾಟಿತಂದ್ರ ನಮ್ಮ ಪ್ರಿನ್ಸಿಪಾಲರ ಕೈಯಾಗೂ ಏನೂ ಇಲ್ಲ."

ಅವಳ ಹಿಂದೆ ನಿಂತಿದ್ದ ಖೈರುನಬಿ ಮುಂದೆ ಬಂದಳು. ಅವಳ ಮಗಳು ಜುಬೇದಾ ಪ್ರಿಯಾಳ ತರಗತಿಯವಳೇ.

"ನನ್ನ ಮಗಳದು ನೋಡಪಾ. ನಿನ್ನಿನೂ ಖಾಲಿ ಅಂದಿ, ಇವತ್ತೂ ಖಾಲಿ ಐತೇನು?"

"ಖಾಲಿನ ಐತಿ ಆಪಾ. ಪರೀಕ್ಷಾ ಬರೆದಿಲ್ಲ ಅಂತ ತೋರಸ್ತೈತಿ."

"ಬರೆದಿಲ್ಲ? ಆರೂ ದಿನ ಪರೀಕ್ಷಾ ಕೇಂದ್ರದ ಗೇಟಿನ ಮುಂದ ಬಿಸಿಲಾಗ ನಿಂತಾಕಿ ನಾನು. ಹಂಗಾರ ಒಳಗ ಹೋಗಿ ಏನು ಮಾಡಿದಳು, ಚಾ ಕುಡದು ಬಂದಳೇನು?"

ಈ ಸಲ ಯಾರೂ ನಗಲಿಲ್ಲ.

*

ಬನಶಂಕರೆವ್ವನ ಕೆಲಸ ಕೆಚ್ಚುವುದು. ಮಗ್ಗದ ಮೇಲೆ ಒಂದು ಹಾಸು, ಎಂದರೆ ಉದ್ದೆಳೆಗಳ ಸುತ್ತು, ಮುಗಿದಾಗ ಅದರ ತುದಿಯನ್ನು ಹಾಗೆಯೇ ಬಿಟ್ಟಿರುತ್ತಾರೆ. ಹೊಸ ಹಾಸು ಬಂದ ಮೇಲೆ ಹಳೆಯದರ ಒಂದು ಎಳೆಗೆ ಹೊಸದರ ಒಂದು ಎಳೆ, ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸೆದು ಜೋಡಿಸಬೇಕು. ಒಂದು ಸೀರೆಯ ಹಾಸಿಗೆ ಸಾವಿರಗಟ್ಟಲೆ ಎಳೆ. ಅವಳ ಗಂಡ ಲಕ್ಷ್ಮೇಶ್ವರದ ಹತ್ತಿ ಗಿರಣಿಯಲ್ಲಿದ್ದು ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಾನೆ. ಅವಳು ಓಣಿಯ ಏಳು ಮಗ್ಗಗಳಿಗೆ ಕೆಚ್ಚುತ್ತಾಳೆ. ಹತ್ತೊಂಬತ್ತು ವರ್ಷದ ಕೆಲಸ.

ಶುಕ್ರವಾರ ಸಂಜೆ ಅವಳು ಕೂತಿದ್ದು ಪಕ್ಕದ ಮನೆಯ ಹನುಮಪ್ಪನ ಮಗ್ಗದ ಮುಂದೆ. ಹನುಮಪ್ಪ ಬುಟ್ಟಿಯೊಂದನ್ನು ಹಿಡಿದು ಒಳಗೆ ಬಂದ.

"ತಗೋ ತಂಗಿ, ಪೇಡೆ. ಬಾಯಿ ಸಿಹಿ ಮಾಡ್ಕೊ. ನಮ್ಮ ಮುತ್ತುರಾಜಗ ಸೈನ್ಸ್ ಸಿಕ್ಕೈತಿ."

ಬನಶಂಕರೆವ್ವ ಕೈ ನಿಲ್ಲಿಸಿದಳು. ಮುತ್ತುರಾಜನ ಫಲಿತಾಂಶ ಬಂದ ದಿನ ಇದೇ ಹನುಮಪ್ಪ ಮಗನನ್ನು ಓಣಿಯ ತುದಿಯವರೆಗೆ ಅಟ್ಟಿಸಿಕೊಂಡು ಹೋಗಿದ್ದನ್ನು ಅವಳು ನೋಡಿದ್ದಳು.

"ಅವಗ ಮುನ್ನೂರಾ ಎರಡು ಬಂದಿದ್ದುವಲ್ಲಣ್ಣಾ?"

"ಅದು ಮೊದಲಿಂದು. ಈಗ ಕಾಲೇಜಿನವರು ಮೆಸೇಜ್ ಕಳಿಸ್ಯಾರ. ಐದನೂರಾ ಎಪ್ಪತ್ತೊಂದು! ಮರುಎಣಿಕಿ ಆಗಿರಬೇಕು."

"ಮರುಎಣಿಕಿಗೆ ನೀವು ಹಾಕಿದ್ರೇನು?"

"ಇಲ್ಲ. ಅವರೇ ತಮ್ಮ ಮನಸ್ಸಿಗೆ ಬಂದು ಎಣಿಸಿರಬೇಕು. ಹುಡುಗಗ ಕೇಳಿದ್ರ 'ಅಪ್ಪಾ, ನನಗ ಸೈನ್ಸ್ ಬ್ಯಾಡೋ' ಅಂತ ಅಳಾಕ ಹತ್ಯಾನ. ಹುಚ್ಚ."

ಅವಳ ಕೈಯಲ್ಲಿ ಪೇಡೆ ಹಾಗೇ ಇತ್ತು. ಐದುನೂರ ಎಪ್ಪತ್ತೊಂದು. ಮೂರು ವರ್ಷದ ಹಿಂದೆ ಅವಳೂ ಹನುಮಪ್ಪನೂ ಒಂದೇ ದಿನ, ಒಬ್ಬರ ಹಿಂದೊಬ್ಬರು ನಿಂತು ಎಂಟನೆಯ ತರಗತಿಗೆ ಮಕ್ಕಳ ಹೆಸರು ಹಚ್ಚಿದ್ದರು. ಆ ಶಾಲೆಯಲ್ಲಿ ಹೆಸರು ಹಚ್ಚಿದ ಕ್ರಮವೇ ಹಾಜರಿ ನಂಬರು. ಮುತ್ತುರಾಜ ನಲವತ್ತು, ಪ್ರಿಯಾ ನಲವತ್ತೊಂದು.

ಅವಳು ಎದ್ದು ಮನೆಗೆ ಹೋದಳು. ಪ್ರಿಯಾ ಗೋಡೆಗೆ ಒರಗಿ ಕೂತಿದ್ದಳು.

"ನಿಮ್ಮ ಕ್ಲಾಸಿನಾಗ ನಲವತ್ತೆರಡು ಯಾರು?"

"ಸುಭಾಸ. ಯಾಕ?"

"ಅವಗ ಎಷ್ಟು ಬಿದ್ದಿದ್ದುವು? ಈಗಿನದಲ್ಲ. ಖರೆ ಅಂಕ."

ಪ್ರಿಯಾ ಫೋನ್ ಹಚ್ಚಿ ಕೇಳಿದಳು. ಸುಭಾಸನ ಖರೆ ಅಂಕ 238. ಅವಳು ತಾಯಿಯ ಮುಖ ನೋಡಿದಳು.

"ಜುಬೇದಾಂದು ಎಷ್ಟನೇ ನಂಬರು?"

"ಐವತ್ತೆಂಟು. ಕಡೀಕಿನಾಕಿ ಅಕಿ."

ಬನಶಂಕರೆವ್ವ ನೆಲಕ್ಕೆ ಕೂತಳು. ಕೆಚ್ಚುವಾಗ ಎಲ್ಲೋ ಒಂದು ಎಳೆ ಬಿಟ್ಟುಹೋದರೆ ಅದರ ಮುಂದಿನವೆಲ್ಲ ಪಕ್ಕದ ಎಳೆಗೆ ಗಂಟು ಬೀಳುತ್ತವೆ. ಕೈಗೆ ಗೊತ್ತಾಗುವುದಿಲ್ಲ. ಕೊನೆ ಮುಟ್ಟಿದಾಗ ಒಂದು ಎಳೆ ಜೋಡಿಯಿಲ್ಲದೆ ಜೋತು ಬೀಳುತ್ತದೆ. ಜುಬೇದಾಳ ಅಂಕದ ಖಾಲಿ ಖಾನೆ ಆ ಜೋತುಬಿದ್ದ ಎಳೆ. ಹಾಗಾದಾಗ ಮೊದಲಿನಿಂದ ಒಂದೊಂದೇ ನೋಡುತ್ತ ಕೂರುವುದಿಲ್ಲ. ನಡುವೆ ಹಿಡಿದು ನೋಡುತ್ತಾರೆ. ನಡುವಿನದು ಸರಿಯಿದ್ದರೆ ತಪ್ಪು ಮುಂದಿದೆ, ತಪ್ಪಿದ್ದರೆ ಹಿಂದಿದೆ.

"ಮೂವತ್ತು ಯಾರದು? ಕೇಳು."

ಪ್ರಿಯಾ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಕೇಳಿದಳು. ಮೂವತ್ತು ತಪ್ಪು. ಹದಿನೈದು ಸರಿ. ಇಪ್ಪತ್ತೆರಡನೆಯವನು ಅಯ್ಯೂಬ, ಅವನದು ಸರಿ. ಇಪ್ಪತ್ತಾರು ತಪ್ಪು. ಇಪ್ಪತ್ತನಾಲ್ಕು ತಪ್ಪು. ಗುಂಪಿನಲ್ಲಿ ಗದ್ದಲ ಶುರುವಾಯಿತು. ಹೆಚ್ಚು ಬಂದವರು ಈವರೆಗೆ ಸುಮ್ಮನಿದ್ದರು. ಕಡಿಮೆ ಬಂದವರು ಒಬ್ಬೊಬ್ಬರೇ ಕಿಟಕಿಗೆ ಹೋಗಿ ಬೈಸಿಕೊಂಡು ಬಂದಿದ್ದರು. ತಪ್ಪು ತನ್ನೊಬ್ಬನದಲ್ಲ ಎಂದು ಯಾರಿಗೂ ಗೊತ್ತಿರಲಿಲ್ಲ.

"ಹಂಗಾರ ಎಳಿ ತಪ್ಪಿದ್ದು ಇಪ್ಪತ್ಮೂರರಾಗ," ಎಂದಳು ಬನಶಂಕರೆವ್ವ. "ಇಪ್ಪತ್ಮೂರು ಯಾರು?"

ಪ್ರಿಯಾ ಫೋನನ್ನು ಕೆಳಗಿಟ್ಟಳು.

"ಭಾಗ್ಯಾ," ಎಂದಳು.

ಭಾಗ್ಯಾ ಡಂಬಳದ ಕಡೆಯ ಹುಡುಗಿ. ಅದೇ ಓಣಿಯಲ್ಲಿ ಮೂರು ಮನೆಯಾಚೆ ಚಿಗವ್ವ ಫಕ್ಕೀರವ್ವನ ಹತ್ತಿರ ಇದ್ದುಕೊಂಡು ಓದುತ್ತಿದ್ದಳು. ಪ್ರಿಯಾಳ ಬೆಂಚಿನಲ್ಲೇ ಕೂರುತ್ತಿದ್ದಳು. ಕಳೆದ ನವೆಂಬರಿನಲ್ಲಿ, ತುಳಸಿ ಲಗ್ನದ ಮರುದಿನ, ತವರಿನಲ್ಲಿ ಅವಳ ಮದುವೆಯಾಯಿತು. ಗಂಡಿನ ಮನೆ ಶಿರಹಟ್ಟಿ ಕಡೆ. ಅವಳಿಗೆ ಆಗ ಹದಿನೈದು ವರ್ಷ ನಾಲ್ಕು ತಿಂಗಳು. ಪರೀಕ್ಷೆಗೆ ಅವಳ ಹೆಸರು ಹೋಗಲಿಲ್ಲ. ಹೋದದ್ದು ಐವತ್ತೇಳು ಹೆಸರು. ಬಂದದ್ದು ಐವತ್ತೇಳು ಅಂಕ. ಆದರೆ ಶಾಲೆ ಕಾಲೇಜಿಗೆ ಕಳಿಸಿದ ಯಾದಿಯಲ್ಲಿ ಹೆಸರು ಐವತ್ತೆಂಟು.

"ಅವ್ವಾ, ಅಕಿ ಲಗ್ನ ಆಗಿ ಹೋದ ಮ್ಯಾಲೂ ಕೊಟ್ರೇಶ ಸರ ಹಾಜರಿ ಕರೀವಾಗ ಅಕಿ ಹೆಸರು ಬಿಡತಿದ್ರು," ಎಂದಳು ಪ್ರಿಯಾ. "ಆದ್ರ ಪುಸ್ತಕದಾಗ ಹಾಕತಿದ್ರು. ಪೆನ್ನು ಅಲ್ಲಿ ನಿಂತು ಮುಂದ ಹೋಗತಿತ್ತು. ನಾನು ನೋಡೀನಿ."

*

ಶನಿವಾರ ಮುಂಜಾನೆ ಎಂಟಕ್ಕೆ ಬನಶಂಕರೆವ್ವ ಮಗಳೊಂದಿಗೆ ಶಾಲೆಯ ಮೆಟ್ಟಿಲ ಮೇಲಿದ್ದಳು. ಮುಖ್ಯೋಪಾಧ್ಯಾಯರು ಇರಲಿಲ್ಲ. ಮುಂಡರಗಿಯ ಶಾಲೆಯಲ್ಲಿ ಸಂಸ್ಥೆಯ ಸಭೆ. ಫೋನಿಗೆ ಉತ್ತರವಿಲ್ಲ. ಹನ್ನೊಂದೂವರೆಗೆ ಶಾಲೆ ಬಿಟ್ಟಿತು, ಮಕ್ಕಳು ಹೋದರು. ಹನ್ನೆರಡಕ್ಕೆ ಖೈರುನಬಿ ರೊಟ್ಟಿ ಗಂಟು ಹಿಡಿದು ಬಂದು ಪಕ್ಕ ಕೂತಳು. ಎರಡಕ್ಕೆ ಹನುಮಪ್ಪನೂ ಬಂದ. ಅವನಿಗೆ ಮಗನೇ ಎಲ್ಲವನ್ನೂ ಹೇಳಿದ್ದ.

"ನೀವ್ಯಾಕ ಬಂದ್ರಿ ಅಣ್ಣಾ? ನಿಮ್ಮ ಹುಡುಗಗ ಲಾಭ ಆಗೈತಲ್ಲ," ಎಂದಳು ಬನಶಂಕರೆವ್ವ.

"ಲಾಭ? ಗಣಿತದಾಗ ಮೂವತ್ತೈದು ತಗೊಂಡವಗ ಫಿಜಿಕ್ಸ್ ಕೊಟ್ಟು ಕೊಲ್ಲಾಕ ಹೊಂಟಾರ. ಒಂದು ಕೆ.ಜಿ. ಪೇಡೆ ಹಂಚೀನಿ ತಂಗಿ. ಓಣ್ಯಾಗ ಹ್ಯಾಂಗ ತಿರುಗ್ಯಾಡ್ಲಿ?"

"ಆ ಪೇಡೆ ನನ್ನ ಮಗಳ ಹೆಸರಿಗೆ ತಿಂದೀವಿ ಅಂತ ತಿಳಕೋತೀವಿ ಬಿಡ್ರಿ," ಎಂದಳು ಖೈರುನಬಿ. "ಅಕಿಗೆ ಪೇಡೆನೂ ಇಲ್ಲ, ಅಂಕನೂ ಇಲ್ಲ."

ಮೂರೂ ನಲವತ್ತಕ್ಕೆ ಕೊಟ್ರೇಶ ಕಾರಿನಿಂದ ಇಳಿದರು. ಕೊರಳಲ್ಲಿ ಶಾಲು, ಕೈಯಲ್ಲಿ ಹಣ್ಣಿನ ಬುಟ್ಟಿ. ನಾಲ್ಕು ಶಾಲೆಗಳಲ್ಲಿ ಯಾದಿಯನ್ನು ಎಲ್ಲರಿಗಿಂತ ಮೊದಲು ಮುಗಿಸಿ ಕಳಿಸಿದ್ದಕ್ಕೆ ಸಭೆಯಲ್ಲಿ ಅವರಿಗೆ ಸನ್ಮಾನವಾಗಿತ್ತು.

"ಏನ್ರೀ ಇಷ್ಟು ಮಂದಿ? ಸೋಮವಾರ ಬರ್ರಿ."

"ಸೋಮವಾರ ಬೀಗ ನೋಡಾಕ ಬರೋದೇನ್ರಿ ಸರ?" ಬನಶಂಕರೆವ್ವ ಎದ್ದು ನಿಂತಳು. "ಯಾದಿ ತೆಗೀರಿ. ಇಪ್ಪತ್ಮೂರನೇ ಸಾಲು ನೋಡಬೇಕು."

ಅವರು ತಕ್ಷಣ ಒಳಗೆ ಹೋಗಿ ಕಂಪ್ಯೂಟರ್ ಹಚ್ಚಿದರು. ಇಪ್ಪತ್ಮೂರು ಯಾರು, ಯಾಕೆ ಎಂದು ಕೇಳದ ಆ ಅವಸರವೇ ಅವಳಿಗೆ ಎಲ್ಲ ಹೇಳಿತು. ನಾಲ್ವರೂ ಹಿಂದೆಯೇ ಹೋದರು. ಪರದೆಯಲ್ಲಿ ಇಪ್ಪತ್ಮೂರನೆಯ ಸಾಲು: ಭಾಗ್ಯಾ, 344. ಶಾಲೆ ಬಿಟ್ಟು ಏಳು ತಿಂಗಳಾದ, ಪರೀಕ್ಷೆಯನ್ನೇ ಬರೆಯದ ಹುಡುಗಿ ಎರಡನೆಯ ದರ್ಜೆಯಲ್ಲಿ ಪಾಸಾಗಿದ್ದಳು.

"ಕಂಪ್ಯೂಟರಿನ ತಪ್ಪಿದು," ಎಂದರು ಕೊಟ್ರೇಶ.

"ಕಂಪ್ಯೂಟರಿಗೆ ಈ ಹೆಸರು ಕೊಟ್ಟವರು ಯಾರ್ರೀ?"

"ಹಾಜರಿ ಪುಸ್ತಕದಾಗಿನ ಹೆಸರು ಒಂದು ಕಡೆ ಇಟ್ಟೀನಿ, ಬೋರ್ಡಿನ ಅಂಕ ಒಂದು ಕಡೆ. ಎರಡು ತಾಸು ಒಬ್ಬನ ಕುಂತು ಮಾಡೀನಿ. ಒಂದು ಸಾಲು ಹೆಚ್ಚು ಕಡಿಮಿ ಆಗಿರಬೇಕು."

"ಪುಸ್ತಕ ತೋರಸ್ರಿ."

"ಅದನ್ನ ನಿಮಗ ಯಾಕ ತೋರಸಬೇಕು?"

ಪುಸ್ತಕ ಮೇಜಿನ ಮೇಲೆಯೇ ಇತ್ತು. ಹಾಜರಿ ಪುಸ್ತಕದ ಹಸಿರು ರಟ್ಟನ್ನು ಮೂರು ವರ್ಷ ನೋಡಿದ್ದ ಪ್ರಿಯಾ ಕೈ ಚಾಚಿ ಎತ್ತಿಕೊಂಡು ನವೆಂಬರ್ ತಿಂಗಳು ತೆಗೆದಳು. ಇಪ್ಪತ್ಮೂರನೆಯ ಸಾಲಿನಲ್ಲಿ ಬೆರಳೋಡಿಸಿ ಹದಿನಾಲ್ಕನೆಯ ತಾರೀಖಿಗೆ ನಿಲ್ಲಿಸಿದಳು. ಗುರುವಾರ, ಮಕ್ಕಳ ದಿನಾಚರಣೆ. ಶಾಲೆಯಲ್ಲಿ ಸಿಹಿ ಹಂಚಿದ ದಿನ. ಹಾಜರಿ ಐವತ್ತೆಂಟಕ್ಕೆ ಐವತ್ತೆಂಟು. ಭಾಗ್ಯಾಳ ಎದುರೂ ಹಾಜರಿ ಇತ್ತು. ಹದಿನೈದಕ್ಕೂ ಇತ್ತು. ಡಿಸೆಂಬರಿಗೂ ಇತ್ತು. ಪ್ರಿಯಾ ಹಾಳೆ ತಿರುಗಿಸುತ್ತ ಹೋದಳು. ಪರೀಕ್ಷೆಯ ಹಿಂದಿನ ದಿನದವರೆಗೂ ಭಾಗ್ಯಾ ಶಾಲೆ ತಪ್ಪಿಸಿರಲಿಲ್ಲ.

ಕೊಟ್ರೇಶ ಪುಸ್ತಕವನ್ನು ಅವಳ ಕೈಯಿಂದ ತೆಗೆದುಕೊಂಡರು. ದನಿ ತಗ್ಗಿಸಿದರು.

"ಆತು. ಈಗ ಏನು ನಿಮಗ ಬೇಕಾದದ್ದು? ನಿಮ್ಮ ಮಕ್ಕಳ ಅಂಕ ಸರಿ ಆಗಬೇಕು, ಹೌದಿಲ್ಲೋ? ಎರಡು ನಿಮಿಷದ ಕೆಲಸ. ಇಪ್ಪತ್ಮೂರರ ಮುಂದ ಖಾಲಿ ಬಿಟ್ರ ಎಲ್ಲಾ ತಾವ ಕೆಳಗ ಇಳೀತಾವು."

ಅವರು ಪಾಸ್‌ವರ್ಡ್ ಹಾಕಿದರು. ಮೊಬೈಲಿಗೆ ಓಟಿಪಿ ಬಂತು, ಅದನ್ನೂ ಹಾಕಿದರು. ಇಪ್ಪತ್ಮೂರನೆಯ ಅಂಕವನ್ನು ಅಳಿಸಿದಾಗ ಪರದೆಯ ಮೇಲೆ ಚಿಕ್ಕ ಚೌಕ ತೆರೆದುಕೊಂಡಿತು. ಅಂಕವಿಲ್ಲದ್ದಕ್ಕೆ ಕಾರಣ ಕೊಡಿ. ನಾಲ್ಕು ಕಾರಣಗಳಿದ್ದವು: ಪರೀಕ್ಷೆಗೆ ಗೈರು, ವರ್ಗಾವಣೆ, ಶಾಲೆ ಬಿಟ್ಟಿದ್ದು, ಮರಣ.

ಕೊಟ್ರೇಶ ಮೊದಲನೆಯದನ್ನು ಒತ್ತಿದರು. ಪ್ರವೇಶಪತ್ರದ ನಂಬರು ಕೇಳಿತು. ಅದು ಇರಲಿಲ್ಲ. ಎರಡನೆಯದು ಸೇರಿದ ಶಾಲೆಯ ನಂಬರು ಕೇಳಿತು. ಮೂರನೆಯದು ಬಿಟ್ಟ ದಿನ, ಕಾರಣ, ಮಾಹಿತಿ ಕೊಟ್ಟವರ ಹೆಸರು ಕೇಳಿತು, ಈ ವರದಿ ಮಕ್ಕಳ ರಕ್ಷಣಾ ಅಧಿಕಾರಿಗೂ ಹೋಗುತ್ತದೆ ಎಂಬ ಸೂಚನೆಯೂ ಜೊತೆಗೆ. ಅವರು ಅದನ್ನು ಮುಚ್ಚಿದರು. ನಾಲ್ಕನೆಯದು ಕೇಳಿದ್ದು ಒಂದು ತಾರೀಖು ಮಾತ್ರ. ಪ್ರಮಾಣಪತ್ರ ಕೊಡಲು ಮೂವತ್ತು ದಿನದ ಗಡುವಿತ್ತು.

ಬಾಣದ ಗುರುತು 'ಮರಣ'ದ ಮೇಲೆ ನಿಂತಿತು. ಅದು ನೀಲಿಯಾಯಿತು.

"ಇದೇನು ಮಾಡಾಕತ್ತೀರಿ?" ಎಂದಳು ಬನಶಂಕರೆವ್ವ.

"ಬರೇ ಒಂದು ಖಾನೆ ಇದು. ಯಾರೂ ಓದೋದಿಲ್ಲ. ಸೋಮವಾರ ನಾನ ತಿದ್ದಿಬಿಡ್ತೀನಿ."

"ಬದುಕಿದ ಹುಡುಗೀನ ಸಾಯಿಸಿ ನನ್ನ ಮಗಳಿಗೆ ಸೀಟು ಕೊಡಸ್ತೀರೇನು?"

"ದನಿ ಯಾಕ ಏರಸ್ತೀರಿ? ಟೈಮು ನಾಕೂಕಾಲು ಆತು. ನಿಮಗ ಸೀಟು ಬೇಕೋ ಬ್ಯಾಡೋ?"

"ಬೇಕು! ನನ್ನ ಮಗಳು ಓದಿ ತಗೊಂಡ ಅಂಕದ್ದು ಬೇಕು. ಯಾರ ಹೆಣದ ಮ್ಯಾಲಿಂದೂ ಬ್ಯಾಡ. ಅಕಿ ಲಗ್ನ ಆಗಿ ಹೋಗ್ಯಾಳ, ಶಾಲಿ ಬಿಡಸ್ಯಾರ, ಹಂಗಂತ ಬರೀರಿ. ಖರೆ ಬರಿಯಾಕ ಅಷ್ಟು ಕೈ ನಡಗತಾವೇನು ನಿಮ್ಮ? ನಾಕು ತಿಂಗಳು ಸುಳ್ಳು ಹಾಜರಿ ಹಾಕುವಾಗ ನಡಗಲಿಲ್ಲ?"

ಕೊಟ್ರೇಶ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಶಾಲು ಇನ್ನೂ ಕೊರಳಲ್ಲೇ ಇತ್ತು.

"ಬನಶಂಕರೆವ್ವಾರ, ಆ ಲಗ್ನಕ್ಕ ನಾನು ಹೋಗಿದ್ದೆ. ಸುಳ್ಳು ಯಾಕ ಹೇಳ್ಲಿ? ಮಕ್ಕಳ ದಿನಾಚರಣೆ ಮುಗಿಸಿಕೊಂಡು ಸೀದಾ ಹೋದೆ. ನನ್ನ ಬಾಜೂಕ ಪಂಕ್ತ್ಯಾಗ ಕುಂತು ಉಂಡವರು ಯಾರು? ನೀವು. ಅಕ್ಕಿಕಾಳು ಹಾಕಿದವರು ಯಾರು? ನೀವು. ಹನುಮಪ್ಪ, ಮದುಮಗಳು ಉಟ್ಟ ಸೀರಿ ಯಾರ ಮಗ್ಗದ್ದು?"

ಹನುಮಪ್ಪ ನೆಲ ನೋಡಿದ.

"ಕಾನೂನು ನನಗ ಒಬ್ಬನಿಗೇ ಅಲ್ಲ. ಅಂಥ ಲಗ್ನಕ್ಕ ಹೋದವರ ಮ್ಯಾಲೂ ಕೇಸು ಆಗತೈತಿ. ಮಾಹಿತಿ ಕೊಟ್ಟವರ ಹೆಸರು ಕೇಳತೈತಿ ನೋಡ್ರಿ ಇದು. ಯಾರ ಹೆಸರು ಹಾಕ್ಲಿ? ಹೇಳ್ರಿ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬನಶಂಕರೆವ್ವ ಹೋಗಿದ್ದಳು. ಹೊಲದ ಮನೆಯ ಮುಂದೆ ಹಂದರ, ಗೋಧಿ ಹುಗ್ಗಿ, ತಟ್ಟೆಯ ತುಂಬ ಬದನೆಕಾಯಿ. ಭಾಗ್ಯಾ ಅವಳನ್ನು ನೋಡಿ, "ಪ್ರಿಯಾ ಬರಲಿಲ್ಲೇನ್ರೀ?" ಎಂದು ಕೇಳಿದ್ದಳು. "ಇವತ್ತು ಶಾಲಿ ಐತೆವ್ವಾ," ಎಂದು ಇವಳು ಹೇಳಿದ್ದಳು. ಹೇಳುವಾಗ ಏನೂ ಅನಿಸಿರಲಿಲ್ಲ.

ತಾಯಿ ಆ ಮದುವೆಯಲ್ಲಿ ಉಂಡು ಬಂದದ್ದು ಪ್ರಿಯಾಳಿಗೆ ಗೊತ್ತಿರಲಿಲ್ಲ. ಅಂದು ಸಂಜೆ ಕೇಳಿದಾಗ, ಡಂಬಳಕ್ಕೆ ಹಾಸು ನೋಡಲು ಹೋಗಿದ್ದೆ ಎಂದಿದ್ದಳು. ಈಗ ಪ್ರಿಯಾ ತಾಯಿಯನ್ನು ನೋಡಿದ ನೋಟವನ್ನು ಬನಶಂಕರೆವ್ವ ಎದುರಿಸಲಿಲ್ಲ.

ಆಗ ಕೋಣೆಯಲ್ಲಿ ಕಟಕ್ ಎಂದು ಸಣ್ಣ ಶಬ್ದವಾಯಿತು. ಪ್ರಿಯಾ ಫೋನ್ ಎತ್ತಿ ಪರದೆಯ ಫೋಟೊ ತೆಗೆದಿದ್ದಳು. ಭಾಗ್ಯಾಳ ಹೆಸರು, ಅದರ ಎದುರು ನೀಲಿಯಾಗಿದ್ದ 'ಮರಣ', ಪಕ್ಕದಲ್ಲಿ ಶಾಲು ಹೊದ್ದ ಮುಖ್ಯೋಪಾಧ್ಯಾಯರು.

"ಅಳಸು ಅದನ್ನ," ಎಂದರು ಕೊಟ್ರೇಶ.

"ಅಳಸೋದಿಲ್ಲ," ಎಂದಳು ಪ್ರಿಯಾ. "ನೀವು ಅದನ್ನ ಒತ್ತಿದ್ರ ಇದು ಈಗಿಂದೀಗ ಫಕ್ಕೀರವ್ವ ಚಿಗವ್ವಗ ಹೋಗತೈತಿ. ಅಕಿ ಗಂಡನ ಮನಿಗೂ ಹೋಗತೈತಿ. ಅವರ ಸೊಸಿ ಸತ್ತಾಳ ಅಂತ ಅವರೂ ಓದ್ಲಿ."

"ಮಾಸ್ತರ," ಎಂದ ಹನುಮಪ್ಪ, ತಲೆ ಎತ್ತದೆ. "ಶಾಲು ತಗದು ಇಡ್ರಿ ಮೊದಲ. ನೋಡಾಕ ಆಗವಲ್ಲದು."

ಬನಶಂಕರೆವ್ವ ಮೇಜಿನ ಹತ್ತಿರ ಬಂದಳು.

"ನನ್ನ ಹೆಸರು ಹಾಕ್ರಿ. ಮಾಹಿತಿ ಕೊಟ್ಟವರು, ಬನಶಂಕರೆವ್ವ, ನೇಕಾರ ಓಣಿ, ಬೆಟಗೇರಿ. ಕಾರಣ, ಲಗ್ನ. ನವೆಂಬರ್ ಹದಿನಾಲ್ಕು. ಹ್ಯಾಂಗ ಗೊತ್ತು ಅಂತ ಕೇಳಿದ್ರ, ಅಲ್ಲೇ ಕುಂತು ಉಂಡಾಳ ಅಂತ ಬರೀರಿ."

"ಕೇಸು ನಿಮ್ಮ ಮ್ಯಾಲೂ ಆಗತೈತಿ ಅಂತ ಹೇಳೀನಿ."

"ನಿಮ್ಮ ಮ್ಯಾಲೂ ಆಗತೈತಿ ಅಂತ ನೀವ ಹೇಳೀರಿ. ಬರೀರಿ. ನಾಕೂವರಿ ಆತು."

ಕೊಟ್ರೇಶ ಬರೆದರು. ಒಂದೊಂದು ಅಕ್ಷರಕ್ಕೂ ನಿಲ್ಲುತ್ತಿದ್ದರು. 4:41ಕ್ಕೆ ಉಳಿಸು ಎಂಬಲ್ಲಿ ಒತ್ತಿದರು. ಪರದೆಯಲ್ಲಿ ಮೂವತ್ತೈದು ಅಂಕಗಳು ಒಂದೊಂದು ಮನೆ ಕೆಳಗೆ ಇಳಿದವು. ಮುತ್ತುರಾಜನ ಎದುರು 302 ಬಂತು. ಪ್ರಿಯಾಳ ಎದುರು 571. ಖೈರುನಬಿ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು ಕೊನೆಯ ಸಾಲಿನವರೆಗೆ ಬಗ್ಗಿ ನೋಡಿದಳು.

"ಮುನ್ನೂರಾ ತೊಂಬತ್ತಾರು," ಎಂದಳು. "ಬರದಿದ್ದಳಲ್ಲಪಾ ನನ್ನ ಮಗಳು."

ಸಂಜೆ ಐದೂವರೆಗೆ ಪ್ರಿಯಾಳ ತಾಯಿಯ ಮೊಬೈಲಿಗೆ ಕಾಲೇಜಿನ ಸಂದೇಶ ಬಂತು. ವಿಜ್ಞಾನ ವಿಭಾಗ, ಹದಿನೇಳನೆಯ ಸ್ಥಾನ.

ಮನೆಗೆ ಹೋಗುವಾಗ ಪ್ರಿಯಾ ಎರಡು ಹೆಜ್ಜೆ ಮುಂದೆ ನಡೆದಳು. ಓಣಿಯ ತಿರುವಿನಲ್ಲಿ ನಿಂತು, ತಿರುಗದೆಯೇ ಕೇಳಿದಳು: "ಹುಗ್ಗಿ ಚಲೋ ಇತ್ತೇನು?"

*

ಸೋಮವಾರ ಪ್ರವೇಶ ಮುಗಿಸಿ ರಸೀದಿ ಕೊಡುವಾಗ ಮಾಶಾಕ, "ಡಬ್ಬಿಗೆ ಕಣ್ಣು ಬಂತು ನೋಡ್ರಿ ಅಕ್ಕಾರ," ಎಂದ. ಬನಶಂಕರೆವ್ವ ರಸೀದಿ ತೆಗೆದುಕೊಂಡಳು. ಕಣ್ಣು ಬಂದದ್ದು ಡಬ್ಬಿಗಲ್ಲ ಎಂದುಕೊಂಡಳು.

ಅದೇ ವಾರ ಕೊಟ್ರೇಶ ಅವರಿಗೆ ಮಕ್ಕಳ ರಕ್ಷಣಾ ಕಚೇರಿಯಿಂದ ನೋಟಿಸು ಬಂತು. ಒಂದೇ ಯಾದಿಯ ಯಶಸ್ಸಿನ ಬಗ್ಗೆ ಸಂಸ್ಥೆ ಅಚ್ಚು ಹಾಕಿಸಿದ ಪತ್ರಿಕೆಯಲ್ಲಿ ಅವರ ಸನ್ಮಾನದ ಫೋಟೊ ಇತ್ತು. ಅದು ಆಗಲೇ ನಾಲ್ಕೂ ಊರುಗಳಿಗೆ ಹೋಗಿ ಮುಟ್ಟಿತ್ತು.

ಫಕ್ಕೀರವ್ವ ಬಂದದ್ದು ಬುಧವಾರ. ಒಳಗೆ ಬರಲಿಲ್ಲ. ಹೊಸ್ತಿಲ ಆಚೆ ನಿಂತು ಓಣಿಗೆಲ್ಲ ಕೇಳುವಂತೆ ಹೇಳಿದಳು.

"ನಿನ್ನ ಮಗಳ ಸೀಟಿಗೆ ನಮ್ಮ ಹುಡುಗಿ ಸಂಸಾರ ಹಾಳ ಮಾಡಿದಿ. ಆವತ್ತು ಹುಗ್ಗಿ ಎರಡು ಸಲ ಹಾಕಿಸಿಕೊಂಡು ಉಂಡಿ. ಆವಾಗ ಅಕಿ ವಯಸ್ಸು ನಿನಗ ಗೊತ್ತಿರಲಿಲ್ಲೇನು? ನಿನ್ನ ಮಗಳ ವಾರಿಗಿ ಅಲ್ಲೇನು ಅಕಿ?"

ಬನಶಂಕರೆವ್ವ ಬಾಗಿಲು ಹಾಕಲಿಲ್ಲ. ಫಕ್ಕೀರವ್ವ ಮುಗಿಸುವವರೆಗೆ ನಿಂತು ಕೇಳಿದಳು.

ಒಂಬತ್ತನೆಯ ದಿನ ಮಧ್ಯಾಹ್ನ ಇಬ್ಬರು ಹೆಂಗಸರು ಹನುಮಪ್ಪನ ಮನೆಯನ್ನು ಕೇಳಿಕೊಂಡು ಬಂದರು. ಒಬ್ಬರು ಮಕ್ಕಳ ರಕ್ಷಣಾ ಕಚೇರಿಯವರು, ಇನ್ನೊಬ್ಬರು ಪೊಲೀಸ್. ಬನಶಂಕರೆವ್ವ ಅಲ್ಲಿ ಹೊಸ ಹಾಸಿನ ಮುಂದೆ ಕೂತಿದ್ದಳು. ಅವರು ಭಾಗ್ಯಾಳನ್ನು ಹಿಂದಿನ ದಿನವೇ ಶಿರಹಟ್ಟಿ ಕಡೆ ಹೋಗಿ ಕಂಡು ಬಂದಿದ್ದರು. ಹುಡುಗಿ ಏನು ಹೇಳಿದಳು ಎಂದು ಇವಳು ಕೇಳಿದಳು. ಕಚೇರಿಯವರು, "ಪರೀಕ್ಷೆಗೆ ಕೂಡ್ರಿಸ್ತೀರೇನು ಅಂತ ಕೇಳಿದಳು," ಎಂದರು.

ಹೇಳಿಕೆ ಬರೆದುಕೊಳ್ಳಲು ಹಾಳೆ ತೆಗೆದರು. ಹೆಸರು, ವಯಸ್ಸು, ಉದ್ಯೋಗ. ಮದುವೆಗೆ ಹೋಗಿದ್ದಿರೋ ಇಲ್ಲವೋ. ಹೋಗಿದ್ದೆ. ಹುಡುಗಿಯ ವಯಸ್ಸು ಗೊತ್ತಿತ್ತೋ ಇಲ್ಲವೋ. ಗೊತ್ತಿತ್ತು.

"ಗೊತ್ತಿದ್ದೂ ಏಳು ತಿಂಗಳು ಯಾಕ ಸುಮ್ಮನಿದ್ರಿ?" ಎಂದು ಪೊಲೀಸ್ ಹೆಂಗಸು ಕೇಳಿದಳು. "ನವೆಂಬರದಾಗ ಒಂದು ಫೋನ್ ಮಾಡಿದ್ರ ಈ ಲಗ್ನ ನಿಲ್ಲತಿತ್ತು. ಆವತ್ತು ಯಾಕ ಹೇಳಲಿಲ್ಲ?"

ಬನಶಂಕರೆವ್ವ ಬೆರಳಿನ ಬೂದಿಯನ್ನು ಸೆರಗಿಗೆ ಒರೆಸಿಕೊಂಡಳು.

"ಆವತ್ತು ತಪ್ಪಿದ್ದು ನನ್ನ ಮಗಳ ಎಳಿ ಅಲ್ಲರೀ," ಎಂದಳು. "ಬರಕೊಳ್ರಿ. ಅದನ್ನೂ ಹಂಗ ಬರಕೊಳ್ರಿ."